ನಮ್ಮ ತಾಯಿ ಗುಡಿಸುವ ಬೀದಿಯವರಿಗೆ

2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಆದೇಶಪತ್ರ ದೊರೆಯಿತು. ಅವರಲ್ಲಿ ನಮ್ಮ ತಾಯಿಯೂ ಒಬ್ಬರು. ಗುತ್ತಿಗೆದಾರರೊಬ್ಬರ ಕೈಕೆಳಗೆ, ಯಾವ ತಿಂಗಳ ಸಂಬಳ ಯಾವ ತಿಂಗಳಲ್ಲಿ ಬರುತ್ತದೆಂದು ತಿಳಿಯದೆ ದುಡಿಯಲು ಆರಂಭಿಸಿದ ಅವರು ಇಂದು ರಜೆ, ಭವಿಷ್ಯನಿಧಿಗಳ ಹಕ್ಕುಳ್ಳ ನೌಕರರಾಗಿದ್ದಾರೆ. ಇದು ಪೌರಕಾರ್ಮಿಕರ ಸಂಘಟನೆಗಳು ಹೋರಾಡಿ ಪಡೆದದ್ದು. ಆ ಋಣವನ್ನು ಅವರಿಗೆ ಮುಖತಃ ಹೇಳಿಕೊಂಡಿದ್ದೇವೆ. ಈ ಬರಹ ಹನುಮಂತನಗರದ ಒಂದು ಅಡ್ಡರಸ್ತೆಯ ನಿವಾಸಿಗಳಿಗಾಗಿ.

ಬೆಳಿಗ್ಗೆ ಆರೂವರೆಯ ಹೊತ್ತಿಗೆ ಹಾಜರಾತಿ ಕೊಡಬೇಕಾದ ಹೆಣ್ಣುಮಕ್ಕಳು ಕತ್ತಲಲ್ಲೇ ಮನೆ ಬಿಡುತ್ತಾರೆ, ಮಧ್ಯಾಹ್ನದವರೆಗೂ ಬೀದಿಯಲ್ಲೇ ಇರುತ್ತಾರೆ. ಶೌಚಾಲಯ ಸಿಗುವುದಿಲ್ಲವೆಂಬ ಕಾರಣಕ್ಕೆ ಅವರಲ್ಲಿ ಅನೇಕರು ನೀರನ್ನೇ ಕುಡಿಯದೆ ಕೆಲಸ ಮಾಡುತ್ತಾರೆ. ಅದರಿಂದ ಬರುವ ಉರಿಮೂತ್ರ, ಸೋಂಕು, ಬೇಸಿಗೆಯ ತಲೆಸುತ್ತುಗಳನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ. ನಮ್ಮ ತಾಯಿಯೂ ಹಾಗೆಯೇ ಇದ್ದರು. ಮೂಲೆಮನೆಯ ಅಜ್ಜಿಯೊಬ್ಬರು ಇದನ್ನು ತಾವಾಗಿಯೇ ಊಹಿಸಿ, ಕಾಂಪೌಂಡಿನೊಳಗಿದ್ದ ಹೊರಗಿನ ಶೌಚಾಲಯದ ಕೀಲಿಯನ್ನು ಮೀಟರ್ ಪೆಟ್ಟಿಗೆಯಲ್ಲಿ ಇಡತೊಡಗಿದರು. ಪ್ರತಿದಿನ ಬಾಗಿಲು ತಟ್ಟಿ ಕೇಳುವ ಸಂಕೋಚವೂ ಇರಬಾರದೆಂದು ಯೋಚಿಸಿದ ಅವರ ಸೂಕ್ಷ್ಮತೆಯನ್ನು ನೆನೆದಾಗ ಇಂದಿಗೂ ನನ್ನ ಕಣ್ಣು ತುಂಬುತ್ತದೆ.

ಎದುರುಮನೆಯ ಅಕ್ಕ ಬಿಸಿಲೇರಿದಾಗ ನೀರು ಕೊಡುತ್ತಿದ್ದುದು ತಮ್ಮ ಅಡುಗೆಮನೆಯ ಸ್ಟೀಲ್ ಲೋಟದಲ್ಲೇ. ಕುಡಿದಾದ ಮೇಲೆ ಅದನ್ನು ಕೈಯಿಂದಲೇ ಇಸಿದುಕೊಂಡು, ಮನೆಮಂದಿಯ ಲೋಟಗಳ ಜೊತೆ ತೊಳೆಯಲು ಹಾಕುತ್ತಿದ್ದರು. ಓದುವವರಿಗೆ ಇದು ಹೇಳಿಕೊಳ್ಳುವಂಥ ಸಂಗತಿಯೆನಿಸದಿರಬಹುದು. ಆದರೆ ಗೇಟಿನಾಚೆ ನಿಲ್ಲಿಸಿ ಎತ್ತರದಿಂದ ಕೈಗೆ ನೀರು ಹೊಯ್ಯುವವರನ್ನೂ, ಹೊರಗೋಡೆಯ ಮೇಲೆ ಬೇರೆ ಲೋಟ ಕವುಚಿಟ್ಟವರನ್ನೂ ನಮ್ಮ ತಾಯಿ ಕಂಡಿದ್ದಾರೆ. ನಮ್ಮ ಜಾತಿ ಯಾವುದೆಂದು ಆ ಅಕ್ಕನಿಗೆ ತಿಳಿದೇ ಇತ್ತು. ಹಬ್ಬಕ್ಕೆ ಸೀರೆ, ನನ್ನ ಓದಿಗೆ ಪುಸ್ತಕ ಕೊಟ್ಟವರೆಲ್ಲರಿಗೂ ನಾವು ಋಣಿಗಳು. ಆದರೂ ತಾಯಿ ಮನೆಯಲ್ಲಿ ಮತ್ತೆ ಮತ್ತೆ ಮಾತನಾಡುತ್ತಿದ್ದುದು ಆ ಲೋಟದ ಬಗ್ಗೆಯೇ.

ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಕಟ್ಟಿ, ಮೇಲೆ 'ಗಾಜು' ಎಂದು ಬರೆದು ಕೊಟ್ಟ ಮನೆಗಳವರಿಗೂ ಧನ್ಯವಾದ ಹೇಳಬೇಕು. ಸ್ಯಾನಿಟರಿ ಪ್ಯಾಡ್, ಡೈಪರ್‌ಗಳನ್ನು ಭದ್ರವಾಗಿ ಸುತ್ತಿಯೇ ಕೊಡಬೇಕೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ, ಆದರೆ ನಿಯಮವಿದೆಯೆಂದು ಎಲ್ಲರೂ ಪಾಲಿಸುವುದಿಲ್ಲ. ಹಸಿ ಕಸದ ಬುಟ್ಟಿಯಲ್ಲಿ ಸಿಕ್ಕ ಬ್ಲೇಡಿನಿಂದ ತಾಯಿಯ ಹೆಬ್ಬೆರಳು ಸೀಳಿ ಕೀವು ತುಂಬಿ, ಅವರು ವಾರಗಟ್ಟಲೆ ಎಡಗೈಯಲ್ಲಿ ಊಟ ಮಾಡಿದ್ದನ್ನು ನಾನು ನೋಡಿದ್ದೇನೆ. ಅದು ಬೇರೊಂದು ಬೀದಿಯಲ್ಲಿ ನಡೆದದ್ದು. ಕಸವನ್ನು ಇನ್ನೊಬ್ಬರು ಕೈಯಿಂದ ಮುಟ್ಟುತ್ತಾರೆ ಎಂಬ ಅರಿವನ್ನು ನಿಮ್ಮ ಬೀದಿಯವರು ಬುಟ್ಟಿ ಹೊರಗಿಡುವಾಗ ಮರೆಯಲಿಲ್ಲ.

2022ರ ಜುಲೈ ಮೊದಲ ದಿನಗಳಲ್ಲಿ ಕೆಲಸ ಕಾಯಂ ಮಾಡಬೇಕೆಂದು ರಾಜ್ಯದ ಪೌರಕಾರ್ಮಿಕರು ಮುಷ್ಕರ ಹೂಡಿ ಸ್ವಾತಂತ್ರ್ಯ ಉದ್ಯಾನದಲ್ಲಿ ಕುಳಿತಾಗ, ನೀವು ಒಣ ಕಸವನ್ನು ಮನೆಯೊಳಗೇ ಕಟ್ಟಿಟ್ಟುಕೊಂಡು, ಹಸಿ ಕಸವನ್ನು ಗಿಡಗಳ ಬುಡಕ್ಕೆ ಹಾಕಿ, ರಸ್ತೆಯ ಮೂಲೆಯಲ್ಲಿ ರಾಶಿ ಬೀಳದಂತೆ ನೋಡಿಕೊಂಡಿರಿ. ಮುಷ್ಕರ ಮುಗಿಸಿ ಬಂದ ತಾಯಿಗೆ ಯಾರೂ ಒಂದು ಕಟುನುಡಿಯಾಡಲಿಲ್ಲ. ಬದಲಿಗೆ, ಬೇಡಿಕೆ ಏನಾಯಿತೆಂದು ನಿಲ್ಲಿಸಿ ಕೇಳಿದರು. ಸಂಬಳ ಕಡಿತದ ಭಯದಲ್ಲಿದ್ದ ನಮ್ಮ ಮನೆಗೆ ಅದು ಎಷ್ಟು ಧೈರ್ಯ ಕೊಟ್ಟಿತೆಂಬುದನ್ನು ನಾನು ಅಂದೇ ಬರೆಯಬೇಕಿತ್ತು.

ಈಗಲೂ ಅಲ್ಲೇ ವಾಸವಾಗಿರುವವರ ಮನೆಬಾಗಿಲಿಗೆ ತಾಯಿಯೇ ಸಿಹಿ ಹಂಚಿ ಬಂದಿದ್ದಾರೆ. ಆದರೆ ಎದುರುಮನೆಯ ಅಕ್ಕ ಸೇರಿದಂತೆ ಹಲವರು ಬಾಡಿಗೆ ಮನೆ ಬಿಟ್ಟು ಬೇರೆಡೆಗೆ ಹೋಗಿದ್ದಾರೆ, ಅವರ ವಿಳಾಸ ನಮ್ಮಲ್ಲಿಲ್ಲ. ಬಹಿರಂಗವಾಗಿ ಬರೆದರೆ ಅವರ ಕಣ್ಣಿಗೂ ಬಿದ್ದೀತೆಂಬ ಆಸೆಯಿಂದ, ತಾಯಿ ಹೇಳಿದ್ದನ್ನು ಕೇಳಿಕೊಂಡು ನಾನು ಇದನ್ನು ಬರೆದಿದ್ದೇನೆ. ಅಕ್ಕ, ನಿಮಗೆ ಈ ಸುದ್ದಿ ಮುಟ್ಟಿದರೆ, ಒಮ್ಮೆ ಆ ಬೀದಿಗೆ ಬನ್ನಿ. ಅಮ್ಮನಿಗೆ ಈಗಲೂ ಅದೇ ಬೀದಿಯಲ್ಲೇ ಕೆಲಸ.