ರೋಗನಿರೋಧಕ ಶಕ್ತಿ ರಕ್ತದಲ್ಲಷ್ಟೇ ಇಲ್ಲ

ಮಾನ್ಯ ಸಂಪಾದಕರೇ,

ರೋಗನಿರೋಧಕ ಶಕ್ತಿಯ ಕುರಿತು ಆರೋಗ್ಯ ಪುಟಗಳಲ್ಲಿ ಬರುವ ಲೇಖನಗಳು, ರಕ್ತದ ಮಾದರಿಯೊಂದನ್ನು ನೋಡಿದರೆ ಇಡೀ ದೇಹದ ರಕ್ಷಣಾ ಸ್ಥಿತಿ ತಿಳಿದುಬಿಡುತ್ತದೆ ಎಂಬ ಭಾವನೆ ಮೂಡಿಸುತ್ತಿರುವುದು ಸರಿಯಲ್ಲ. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್‌ಗಳ ಪೈಕಿ ರಕ್ತದಲ್ಲಿರುವುದು ಸುಮಾರು ಶೇ 2ರಷ್ಟು ಮಾತ್ರ. ಉಳಿದವು ದುಗ್ಧರಸ ಗ್ರಂಥಿ, ಗುಲ್ಮ (ಸ್ಪ್ಲೀನ್), ಕರುಳು, ಚರ್ಮ ಮುಂತಾದೆಡೆ ಇರುತ್ತವೆ. ಹಾಗೆ ಅಂಗಾಂಶಗಳಲ್ಲಿ ನೆಲೆಸಿದ ಕೋಶಗಳು ಆಯಾ ಜಾಗಕ್ಕೆ ತಕ್ಕ ಪ್ರೋಟೀನ್‌ಗಳನ್ನು ತಯಾರಿಸಿಕೊಳ್ಳುತ್ತವೆ.

ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್‌ಗಳನ್ನೇ ನೋಡೋಣ. ಗುಲ್ಮದಲ್ಲಿರುವವು ಮುದಿ ಕೆಂಪು ರಕ್ತಕಣಗಳನ್ನು ಅರಗಿಸಿ, ಅದರಿಂದ ಸಿಕ್ಕ ಕಬ್ಬಿಣವನ್ನು ಫೆರೋಪೋರ್ಟಿನ್ ಎಂಬ ಪ್ರೋಟೀನ್ ಮೂಲಕ ಹೊರಕ್ಕೆ ಕಳುಹಿಸುತ್ತವೆ. ಮೆದುಳಿನ ಮ್ಯಾಕ್ರೋಫೇಜ್‌ಗಳಾದ ಮೈಕ್ರೋಗ್ಲಿಯಾ ಕೋಶಗಳು ಪಕ್ಕದ ಕೋಶಕ್ಕೆ ಗಾಯವಾದುದನ್ನು ಪಿ2ಆರ್‌ವೈ12 ಎಂಬ ಗ್ರಾಹಕದಿಂದ ಗ್ರಹಿಸುತ್ತವೆ. ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳಿಗೆ ಅಲ್ಲಿನ ಇತರ ಕೋಶಗಳಿಂದ ಜಿಎಂ-ಸಿಎಸ್‌ಎಫ್ ಎಂಬ ಸಂಕೇತ ಬರುತ್ತಲೇ ಇರಬೇಕು. ದೇಹದ್ದೇ ಪ್ರತಿಕಾಯಗಳು ಆ ಸಂಕೇತವನ್ನು ತಡೆದರೆ, ಗಾಳಿಗೂಡುಗಳ ಒಳಪದರದ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ವಸ್ತು ತೆರವಾಗದೆ ಶೇಖರಗೊಂಡು, ಉಸಿರಾಟವೇ ಕಷ್ಟವಾಗುವ ಕಾಯಿಲೆ ಬರುತ್ತದೆ.

ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕೋಶಗಳ ವಿಷಯವೂ ಹೀಗೆಯೇ. ಒಮ್ಮೆ ಸೋಂಕನ್ನು ಎದುರಿಸಿದ ಮೇಲೆ ಕೆಲವು ಟಿ ಕೋಶಗಳು ಚರ್ಮದಲ್ಲೋ ಶ್ವಾಸಕೋಶದಲ್ಲೋ ಖಾಯಂ ಆಗಿ ಉಳಿದುಬಿಡುತ್ತವೆ. ಅವುಗಳ ಮೇಲ್ಮೈಯ ಸಿಡಿ69 ಎಂಬ ಪ್ರೋಟೀನ್, ಅಂಗಾಂಶದಿಂದ ಹೊರಡಲು ಬೇಕಾದ ಗ್ರಾಹಕವನ್ನು ಒಳಕ್ಕೆಳೆದುಕೊಳ್ಳುತ್ತದೆ. ಹಲವುಗಳಲ್ಲಿರುವ ಸಿಡಿ103 ಅವನ್ನು ಹೊರಪದರದ ಕೋಶಗಳಿಗೆ ಅಂಟಿಸುತ್ತದೆ. ರಕ್ತಕ್ಕೆ ಮರಳದ ಇಂಥ ಕೋಶಗಳು ರಕ್ತಪರೀಕ್ಷೆಯಲ್ಲಿ ಕಾಣಿಸುವುದಾದರೂ ಹೇಗೆ? ತೋಳಿಗೆ ಚುಚ್ಚುವ ಲಸಿಕೆಗಳ ಜೊತೆಗೆ ಮೂಗಿನ ಮೂಲಕ ಕೊಡುವ ಲಸಿಕೆಗಳತ್ತಲೂ ಸಂಶೋಧಕರು ಆಸಕ್ತಿ ತೋರುತ್ತಿರುವುದಕ್ಕೆ, ಇಂಥ ಕೋಶಗಳು ಉಸಿರಾಟದ ಹಾದಿಯಲ್ಲೇ ನೆಲೆಸಲಿ ಎಂಬುದೂ ಒಂದು ಕಾರಣ.

ಈ ವ್ಯತ್ಯಾಸಗಳನ್ನು ಅಳೆಯುವುದು ಸುಲಭದ ಕೆಲಸವಲ್ಲ ಎಂಬುದನ್ನೂ ಒಪ್ಪಬೇಕು. ಕೋಶದಲ್ಲಿ ಒಂದು ಜೀನ್‌ನ ಆರ್‌ಎನ್‌ಎ (ಪ್ರೋಟೀನ್ ತಯಾರಿಕೆಯ ಸೂಚನೆ ಒಯ್ಯುವ ಅಣು) ಹೇರಳವಾಗಿದ್ದ ಮಾತ್ರಕ್ಕೆ ಅದರ ಪ್ರೋಟೀನ್ ಅಷ್ಟೇ ಪ್ರಮಾಣದಲ್ಲಿ ಇರಬೇಕೆಂದಿಲ್ಲ. ಆದ್ದರಿಂದ ಪ್ರೋಟೀನನ್ನೇ ನೇರವಾಗಿ ಅಳೆಯಬೇಕಾಗುತ್ತದೆ. ಅಂಗಾಂಶದಿಂದ ಕೋಶಗಳನ್ನು ಬಿಡಿಸಲು ಬಳಸುವ ಕಿಣ್ವಗಳು ಮೇಲ್ಮೈಯ ಕೆಲವು ಪ್ರೋಟೀನ್‌ಗಳನ್ನೇ ಕತ್ತರಿಸಿಹಾಕುವುದೂ ಉಂಟು. ಇಲಿಯಲ್ಲಿ ಒಂದು ಕೋಶವನ್ನು ಗುರುತಿಸಲು ನೆರವಾಗುವ ಪ್ರೋಟೀನ್ ಮನುಷ್ಯರ ಕೋಶದಲ್ಲಿ ಇಲ್ಲದಿರಬಹುದು.

ಆದ್ದರಿಂದ ಇಂಥ ಸಂಶೋಧನೆಗಳನ್ನು ವರದಿ ಮಾಡುವಾಗ, ಕೋಶಗಳನ್ನು ಯಾವ ಅಂಗಾಂಶದಿಂದ ತೆಗೆಯಲಾಯಿತು, ಅವು ಮನುಷ್ಯರವೋ ಪ್ರಾಣಿಗಳವೋ, ಅಳೆದದ್ದು ಆರ್‌ಎನ್‌ಎಯನ್ನೋ ಪ್ರೋಟೀನನ್ನೋ ಎಂಬುದನ್ನು ಒಂದೆರಡು ವಾಕ್ಯಗಳಲ್ಲಾದರೂ ತಿಳಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇತಿ,
ಒಬ್ಬ ಓದುಗ