ತಾಲೀಮಿನ ಸಂಭಾವನೆಯ ಕುರಿತು ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೆ ನಮಸ್ಕಾರ.

ಈ ಗುಂಪಿನಲ್ಲಿ ನಟರನ್ನಾಗಲಿ ನಿರ್ದೇಶಕರನ್ನಾಗಲಿ ಆಹ್ವಾನಿಸುವವರು, ಪ್ರದರ್ಶನದ ಸಂಭಾವನೆಯ ಜೊತೆಗೆ ತಾಲೀಮಿನ ದಿನಗಳಿಗೆ ಎಷ್ಟು ಕೊಡಲಾಗುತ್ತದೆ, ಪ್ರಯಾಣದ ಖರ್ಚನ್ನು ಯಾರು ಭರಿಸುತ್ತಾರೆ, ಪ್ರದರ್ಶನ ರದ್ದಾದರೆ ಹಣದ ವ್ಯವಸ್ಥೆ ಏನು ಎಂಬುದನ್ನೂ ಇನ್ನು ಮುಂದೆ ಸ್ಪಷ್ಟವಾಗಿ ಬರೆಯಬೇಕೆಂದು ಕೋರುತ್ತೇನೆ. ವಾರಗಟ್ಟಲೆ ಸಂಜೆಗಳನ್ನು ತಾಲೀಮಿಗೆ ಮೀಸಲಿಡುವ ನಟರು ಆ ಹೊತ್ತಿನ ಬೇರೆ ಕೆಲಸಗಳನ್ನು ಬಿಟ್ಟುಕೊಟ್ಟಿರುತ್ತಾರೆ. ಆದರೂ ಅನೇಕ ಕಡೆ ಲೆಕ್ಕಕ್ಕೆ ಬರುವುದು ರಂಗದ ಮೇಲಿನ ಆ ಒಂದೆರಡು ಗಂಟೆ ಮಾತ್ರ. ನಿರ್ದೇಶಕರ ಸ್ಥಿತಿ ನನ್ನ ದೃಷ್ಟಿಯಲ್ಲಿ ಇನ್ನೂ ಕಷ್ಟದ್ದು, ಏಕೆಂದರೆ ಮೊದಲ ಪ್ರದರ್ಶನಕ್ಕೆ ಅವರ ಹೆಚ್ಚಿನ ಕೆಲಸ ಮುಗಿದಿರುತ್ತದೆ, ಮರುಪ್ರದರ್ಶನಗಳಲ್ಲಿ ಅವರ ಪಾಲೆಷ್ಟು ಎಂಬುದನ್ನು ಬರೆದಿಡುವವರು ವಿರಳ.

ಇದಕ್ಕೆ ದಾರಿಗಳಿಲ್ಲವೆಂದಲ್ಲ. ಫ್ರಾನ್ಸಿನಲ್ಲಿ 12 ತಿಂಗಳಲ್ಲಿ 507 ಗಂಟೆ ದುಡಿದ ರಂಗಕಲಾವಿದರು ನಿರುದ್ಯೋಗ ಭತ್ಯೆಗೆ ಅರ್ಹರಾಗುತ್ತಾರೆ. ವೇತನ ಪಡೆದ ತಾಲೀಮೂ ಆ ಲೆಕ್ಕದಲ್ಲಿ ಸೇರುತ್ತದೆ. ಅಲ್ಲಿಯೇ 1964ರಲ್ಲಿ ರಂಗನಿರ್ದೇಶಕಿ ಆರಿಯಾನ್ ಮ್ನೂಶ್ಕಿನ್ ಮತ್ತು ಸಂಗಡಿಗರು ಕಟ್ಟಿದ ಸಹಕಾರಿ ತಂಡವಾದ ತೆಯಾತ್ರ್ ದ್ಯು ಸೊಲೇಯ್, ಸಮಾನ ವೇತನದ ತತ್ವದ ಮೇಲೆ ನಡೆದು ಬಂದಿದೆ. ಅದೇ ವರ್ಷ ನಾರ್ವೆಯ ಓಸ್ಲೋದಲ್ಲಿ ಇಟಲಿ ಮೂಲದ ರಂಗನಿರ್ದೇಶಕ ಯೂಜೆನಿಯೊ ಬಾರ್ಬಾ, ನಾಟಕಶಾಲೆಯಲ್ಲಿ ಪ್ರವೇಶ ಸಿಗದ ಯುವಜನರನ್ನೇ ಕೂಡಿಸಿಕೊಂಡು ಓಡಿನ್ ತಂಡವನ್ನು ಆರಂಭಿಸಿದರು. 1966ರಲ್ಲಿ ಡೆನ್ಮಾರ್ಕಿನ ಹೋಲ್‌ಸ್ಟೆಬ್ರೊ ಪಟ್ಟಣ ಅವರಿಗೆ ನೆಲೆ ಒದಗಿಸಿತು. ಪ್ರತಿಭೆಯಷ್ಟೇ ಈ ನೆಲೆಯೂ ಆ ತಂಡವನ್ನು ಉಳಿಸಿತೆಂದು ನಾನು ನಂಬುತ್ತೇನೆ.

ಕಲಾವಿದರೂ ತಮ್ಮ ತಾಲೀಮಿನ ಗಂಟೆಗಳನ್ನು ದಿನಾಂಕಸಹಿತ ಬರೆದಿಡಲಿ, ಒಪ್ಪಂದವನ್ನು ಮೊದಲ ತಾಲೀಮಿಗೆ ಮುಂಚೆಯೇ ಲಿಖಿತವಾಗಿ ಪಡೆಯಲಿ. ಈ ವಿವರಗಳಿಲ್ಲದ ಆಹ್ವಾನಗಳನ್ನು ತಿದ್ದುಪಡಿಗಾಗಿ ಕಳುಹಿಸಿದವರಿಗೇ ಹಿಂದಿರುಗಿಸಲಾಗುವುದು.