ಸಿ. ಅಶ್ವಥ್ ಹೆಸರನ್ನೂ ಹೇಳಿ

ಮಾನ್ಯ ಸಂಪಾದಕರೇ,

ಇಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ಒಂದು ರಾಜ್ಯೋತ್ಸವದಲ್ಲಿ ಮಕ್ಕಳು ಸಂತಕವಿ ಶಿಶುನಾಳ ಶರೀಫರ ತತ್ವಪದಗಳನ್ನು ಚೆನ್ನಾಗಿ ಹಾಡಿದರು. ನಿರೂಪಕರು ಶರೀಫರ ಬಗ್ಗೆ ಹೇಳಿದರು. ರಾಗ ಹಾಕಿದ ಸಿ. ಅಶ್ವಥ್ ಹೆಸರು ಮಾತ್ರ ಬರಲೇ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ಬೆಂಗಳೂರಿನ ಟೆಲಿಫೋನ್ ಕಾರ್ಖಾನೆ ಐಟಿಐಯಲ್ಲಿ ನೌಕರಿ ಮಾಡುತ್ತಲೇ ಸಂಗೀತ ಕಟ್ಟಿದವರು ಅವರು. ಸಿನಿಮಾದಲ್ಲಿ ಎಲ್. ವೈದ್ಯನಾಥನ್ ಜೊತೆ ‘ಅಶ್ವಥ್–ವೈದಿ’ ಜೋಡಿಯಾಗಿಯೂ ದುಡಿದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಅವರ ದನಿ ಕೇಳಬೇಕು. ನಯ, ನಾಜೂಕು ಕಡಿಮೆ. ಎದೆ ತುಂಬಿ ಬರುವ ಗಟ್ಟಿ ದನಿ ಅದು, ಒಂದು ಅಕ್ಷರವೂ ಮಸುಕಾಗುವುದಿಲ್ಲ. ‘ಮೈಸೂರು ಮಲ್ಲಿಗೆ’, ‘ನಾಗಮಂಡಲ’ ಚಿತ್ರಗಳಿಗೂ ಅವರದೇ ಸಂಗೀತ. ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಈ ಹಾಡುಗಳು ಬಾಯಿಪಾಠ. ಅದು ಸುಮ್ನೆ ಆಗುವ ಕೆಲಸ ಅಲ್ವಲ್ಲಾ!

ಅವರು ಹುಟ್ಟಿದ್ದೂ, 2009ರಲ್ಲಿ ತೀರಿಕೊಂಡಿದ್ದೂ ಡಿಸೆಂಬರ್ 29ರಂದೇ. ಆ ದಿನ ಮುಂಬೈಯ ಸಂಘಗಳು ಅವರ ಹಾಡುಗಳ ಸಂಜೆ ಇಟ್ಟುಕೊಳ್ಳಲಿ. ಆಮಂತ್ರಣದಲ್ಲಿ ಕವಿಯ ಪಕ್ಕದಲ್ಲೇ ಸಂಯೋಜಕರ ಹೆಸರನ್ನೂ ಅಚ್ಚು ಹಾಕಿಸಲಿ.

– ಒಬ್ಬ ನಿವೃತ್ತ ಶಿಕ್ಷಕಿ, ಡೊಂಬಿವಲಿ